ಲ್ಯಾಪ್‌ಟಾಪ್ ಕಳುವಾದರೆ ಡೇಟಾ ಗತಿ ಏನು? ಡಿಸ್ಕ್ ಎನ್‌ಕ್ರಿಪ್ಷನ್ ಟಿಪ್ಪಣಿ

ಲಾಗಿನ್ ಪಾಸ್‌ವರ್ಡ್ ಇದೆ, ಹಾಗಾಗಿ ಫೈಲ್‌ಗಳು ಭದ್ರ ಅಂತ ತುಂಬಾ ಜನ ನಂಬಿರುತ್ತಾರೆ. ಹಾಗಲ್ಲ. ಆ ಪಾಸ್‌ವರ್ಡ್ ಕೇಳುವುದು ವಿಂಡೋಸ್. ಕದ್ದವನು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ, ಇಲ್ಲವೇ ಪೆನ್‌ಡ್ರೈವ್‌ನಿಂದ ಲಿನಕ್ಸ್‌ನಂಥ ಬೇರೆ ಆಪರೇಟಿಂಗ್ ಸಿಸ್ಟಂ ಬೂಟ್ ಮಾಡಿದರೆ, ವಿಂಡೋಸ್ ಓಡುವುದೇ ಇಲ್ಲ, ಮತ್ತೆ ಕೇಳುವವರು ಯಾರು? ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅಂದರೆ ಕೀ (ರಹಸ್ಯ ಸಂಖ್ಯೆ) ಇಲ್ಲದೆ ಓದಲಾಗದ ಗೂಢ ರೂಪದಲ್ಲಿ ಡೇಟಾ ಇಲ್ಲದಿದ್ದರೆ, ಎಲ್ಲವೂ ಸಲೀಸಾಗಿ ಓದಲು ಸಿಗುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. 2006ರ ಮೇ ತಿಂಗಳಲ್ಲಿ ಅಲ್ಲಿನ ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಹೊರಗಿನ ಹಾರ್ಡ್ ಡ್ರೈವ್ ಕಳುವಾದವು. ಸುಮಾರು 2.65 ಕೋಟಿ ಜನರ ಹೆಸರು, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಇದ್ದ ಆ ಡೇಟಾ ಎನ್‌ಕ್ರಿಪ್ಟ್ ಆಗಿರಲಿಲ್ಲ. ಜೂನ್‌ನಲ್ಲಿ ಎರಡೂ ಸಿಕ್ಕವು. ಡೇಟಾ ತೆರೆದ ಗುರುತು ಇಲ್ಲ ಅಂತ ಎಫ್‌ಬಿಐ ಹೇಳಿತು. ಆದರೂ ಮಾಜಿ ಸೈನಿಕರ ಪರವಾಗಿ ಹಾಕಿದ್ದ ಕೇಸ್ ಮುಗಿಸಲು ಸರ್ಕಾರ 2009ರಲ್ಲಿ 2 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಹೊರಗಿನ ಡ್ರೈವ್ ಅನ್ನೂ ಎನ್‌ಕ್ರಿಪ್ಟ್ ಮಾಡಬೇಕು ಅನ್ನುವುದನ್ನು ಇಲ್ಲಿಂದಲೇ ನೆನಪಿಟ್ಟುಕೊಳ್ಳಿ.

ಸಾಧನ ಹುಡುಕಬೇಕಿಲ್ಲ: ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್. ಹಳೇ ಡಿಸ್ಕಿಗೆ ಬಿಟ್‌ಲಾಕರ್ ಹಾಕುವಾಗ ಬಳಸಿದ ಜಾಗ ಮಾತ್ರ ಅಂತ ಆರಿಸಬೇಡಿ, ಮೊದಲೇ ಅಳಿಸಿದ ಫೈಲ್‌ಗಳ ಚೂರುಗಳು ಖಾಲಿ ಜಾಗದಲ್ಲಿ ಹಾಗೇ ಉಳಿದಿರಬಹುದು.

ಈಗ ಕಷ್ಟದ ಭಾಗ. ಎನ್‌ಕ್ರಿಪ್ಷನ್ ಕಾಯುವುದು ಆಫ್ ಆಗಿರುವ ಲ್ಯಾಪ್‌ಟಾಪನ್ನು. ಸ್ಲೀಪ್‌ನಲ್ಲಿದ್ದರೆ ಕೀ ಇನ್ನೂ ಮೆಮೊರಿಯಲ್ಲಿ ಇರುತ್ತದೆ. ಕರೆಂಟ್ ಹೋದ ಮೇಲೂ ಮೆಮೊರಿ ಚಿಪ್‌ನಲ್ಲಿ ಸ್ವಲ್ಪ ಹೊತ್ತು ಮಾಹಿತಿ ಉಳಿಯುತ್ತದೆ, ಚಿಪ್ಪನ್ನು ತಣ್ಣಗೆ ಮಾಡಿದರೆ ಇನ್ನೂ ಜಾಸ್ತಿ ಹೊತ್ತು ಇರುತ್ತದೆ, ಅದರಿಂದ ಕೀ ತೆಗೆಯಬಹುದು ಅಂತ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2008ರಲ್ಲೇ ಮಾಡಿ ತೋರಿಸಿತ್ತು. ಆದ್ದರಿಂದ ಬಸ್ಸು, ರೈಲು ಹತ್ತುವಾಗ ಸುಮ್ನೆ ಮುಚ್ಚಳ ಮುಚ್ಚಿಡಬೇಡಿ, ಶಟ್‌ಡೌನ್ ಮಾಡಿ. ಇನ್ನೊಂದು ವಿಷಯ: ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಟಿಪಿಎಂ ಚಿಪ್ (ಕೀಯನ್ನು ಕಾಪಾಡುವ, ಲ್ಯಾಪ್‌ಟಾಪ್ ಒಳಗಿನ ಭದ್ರತಾ ಚಿಪ್) ತಾನೇ ಕೀ ಕೊಟ್ಟುಬಿಡುತ್ತದೆ. ಕೆಲಸದ ಡೇಟಾ ಇರುವವರು ಬೂಟ್‌ಗೂ ಮೊದಲೇ ಪಿನ್ ಕೇಳುವಂತೆ ಮಾಡಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯದು.

ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಯನ್ನು (ಮಾಮೂಲಿ ದಾರಿಯಲ್ಲಿ ಡಿಸ್ಕ್ ತೆರೆಯದಿದ್ದಾಗ ಬೇಕಾಗುವ ಸಂಖ್ಯೆ) ಅದೇ ಲ್ಯಾಪ್‌ಟಾಪ್ ಬ್ಯಾಗಲ್ಲಿ ಇಡಬೇಡಿ. ಆ ಕೀ ಕಳೆದುಹೋದರೆ ನಿಮಗೂ ಡೇಟಾ ಸಿಗದೆ ಹೋಗಬಹುದು, ಆದ್ದರಿಂದ ಬ್ಯಾಕಪ್ ಬೇರೆ ಇರಲೇಬೇಕು ಅಲ್ವಾ. ಕಳುವಾದ ಮೇಲೆ ಮೊದಲು ಫೋನ್‌ನಿಂದಲೇ ಈಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಆಮೇಲೆ ಸೀರಿಯಲ್ ನಂಬರ್ ಕೊಟ್ಟು ಪೊಲೀಸ್ ದೂರು ಕೊಡಿ.