ಕಣಿಕೆಯಲ್ಲಿ ಮಣ್ಣಿನ ಪಾಲು

ಫೆಬ್ರುವರಿ ಬಂತೆಂದರೆ ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಬಿಳಿಜೋಳದ ಸುಗ್ಗಿ. ಅಲ್ಲಿ ಬಹಳ ಕಡೆ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಿಲ್ಲ, ಬುಡ ಹಿಡಿದು ಕೀಳುತ್ತಾರೆ. ಬೇರಿಗೆ ಅಂಟಿದ ಹೆಂಟೆಯನ್ನು ಬಡಿದು ಉದುರಿಸಿ, ಸಾಲಾಗಿ ಒಣಹಾಕಿ, ತೆನೆ ಮುರಿದು, ಉಳಿದ ಒಣ ದಂಟನ್ನು, ಅಂದರೆ ಕಣಿಕೆಯನ್ನು, ಸಿವುಡು ಕಟ್ಟಿ ಬಣವೆ ಒಟ್ಟುತ್ತಾರೆ. ಕಾಳು ಮನೆಗೆ ಹೋಯಿತು, ಕಣಿಕೆ ದನಕ್ಕೆ ಹೋಯಿತು, ಬೇರಿನ ಬುಡವೂ ಕಣಿಕೆಯ ಜೊತೆಗೇ ಹೋಯಿತು. ಮಣ್ಣಿಗೆ ಉಳಿದದ್ದು ಉದುರಿದ ಒಂದಿಷ್ಟು ರವದಿ, ಒಣ ಎಲೆ ಮಾತ್ರ.

ಇದನ್ನು ರೈತರ ಅಜ್ಞಾನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೀಳುವುದಕ್ಕೆ ಗಟ್ಟಿ ಕಾರಣಗಳಿವೆ. ಒಣ ಸೀಮೆಯಲ್ಲಿ ಒಂದು ಗೇಣು ಕಣಿಕೆಯೂ ಮೇವೇ. ಕೊಯ್ದು ಬಿಟ್ಟ ಕೂಳೆ ಗಟ್ಟಿಯಾಗಿ ನಿಂತು ಎತ್ತಿನ ಕಾಲಿಗೂ ಮನುಷ್ಯರ ಕಾಲಿಗೂ ಚುಚ್ಚುತ್ತದೆ, ಮುಂದೆ ಕುಂಟೆಗೆ ಸಿಕ್ಕಿಕೊಳ್ಳುತ್ತದೆ. 1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಂದಾಗ ಹಿಂಗಾರಿ ಸೀಮೆಯ ರೈತರು ಅದಕ್ಕೆ ಮನಸೋಲಲಿಲ್ಲ. ಮಹಾರಾಷ್ಟ್ರದ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದ ಎಂ 35-1 ತಳಿಯನ್ನೇ ಹಿಡಿದುಕೊಂಡರು. ರೊಟ್ಟಿಯ ರುಚಿ ಒಂದು ಕಾರಣವಾದರೆ, ಆಳೆತ್ತರ ಬೆಳೆಯುವ ಅದರ ಕಣಿಕೆ ಇನ್ನೊಂದು. ಕಾಳಿನ ಇಳುವರಿಯನ್ನಷ್ಟೇ ಲೆಕ್ಕ ಹಾಕುವ ವಿಜ್ಞಾನಕ್ಕೆ ಈ ರೈತರು ಮೇವಿನ ಲೆಕ್ಕವನ್ನೂ ಕಲಿಸಿದರು. ಆ ಲೆಕ್ಕಕ್ಕೆ ಮಣ್ಣನ್ನೂ ಸೇರಿಸಬೇಕು ಎಂಬುದಷ್ಟೇ ನನ್ನ ವಾದ.

ಒಣ ಕಣಿಕೆಯಲ್ಲಿ ಪ್ರೋಟೀನ್ ಇರುವುದು ಶೇ 3ರಿಂದ 4ರಷ್ಟು. ಉಳಿದದ್ದರಲ್ಲಿ ಬಹುಪಾಲು ನಾರು. ನಾರನ್ನು ಎತ್ತು ತಾನೇ ಅರಗಿಸಿಕೊಳ್ಳಲಾರದು. ಅದರ ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್‌ನಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಅವು ಬೆಳೆಯಲು ಸಾರಜನಕ ಬೇಕು. ಮೇವಿನಲ್ಲಿ ಪ್ರೋಟೀನ್ ಸುಮಾರು ಶೇ 7ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ಕುಂಠಿತವಾಗುತ್ತದೆ. ನಾರು ಹೊಟ್ಟೆಯಲ್ಲೇ ನಿಧಾನಿಸುತ್ತದೆ, ದನ ಮೇವು ಮುಟ್ಟುವುದೇ ಕಡಿಮೆಯಾಗುತ್ತದೆ. ಬಣವೆ ತುಂಬಿದ್ದರೂ ಬೇಸಿಗೆಯಲ್ಲಿ ದನ ಸೊರಗುವುದಕ್ಕೆ ಇದೊಂದು ಮುಖ್ಯ ಕಾರಣ. ಕಣಿಕೆಯ ಜೊತೆ ಒಂದಿಷ್ಟು ಶೇಂಗಾ ಹೊಟ್ಟನ್ನೋ ತೊಗರಿ ಹೊಟ್ಟನ್ನೋ ಬೆರೆಸಿ ಹಾಕಿದರೆ ಅದೇ ಕಣಿಕೆ ಹೆಚ್ಚು ಅರಗುತ್ತದೆ.

ಈಗ ಅದೇ ಕಣಿಕೆಯನ್ನು ದನದ ಬದಲು ಮಣ್ಣಿಗೆ ಹಾಕಿದಿರಿ ಎಂದುಕೊಳ್ಳೋಣ. ಅಲ್ಲಿಯೂ ಅದನ್ನು ಅರಗಿಸುವವು ಸೂಕ್ಷ್ಮಜೀವಿಗಳೇ, ಅವುಗಳಿಗೆ ಬೇಕಾದದ್ದೂ ಸಾರಜನಕವೇ. ಒಂದು ಪಾಲು ಸಾರಜನಕಕ್ಕೆ ಸುಮಾರು 24 ಪಾಲು ಇಂಗಾಲವಿರುವ ಆಹಾರ ಅವುಗಳಿಗೆ ಹಿತ. ಕಣಿಕೆಯಲ್ಲಿ ಇಂಗಾಲ ಅದರ ಮೂರು ಪಟ್ಟು, ಅಂದರೆ 70ರಿಂದ 80 ಪಾಲಿನಷ್ಟಿದೆ. ಕೊರತೆ ತುಂಬಿಕೊಳ್ಳಲು ಅವು ಮಣ್ಣಿನಲ್ಲಿದ್ದ ಸಾರಜನಕವನ್ನೇ ಹೀರಿ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ. ಆಗ ಬಿತ್ತಿದ ಬೆಳೆ ಹಳದಿಗೆ ತಿರುಗುತ್ತದೆ. ‘ಕಸ ಹಾಕಿದ್ದರಿಂದ ಬೆಳೆ ಕೆಟ್ಟಿತು’ ಎಂದು ರೈತರು ದೂರುವುದರಲ್ಲಿ ಸುಳ್ಳಿಲ್ಲ. ಕೊಟ್ಟಿಗೆಯ ಹಸಿವು ಮತ್ತು ಹೊಲದ ಹಸಿವು ಒಂದೇ ಬಗೆಯವು. ಹೀಗಾಗಿ ಎರಡಕ್ಕೂ ಮದ್ದು ಒಂದೇ ಕಡೆ, ಗಾಳಿಯ ಸಾರಜನಕ ಹಿಡಿಯುವ ದ್ವಿದಳ ಬೆಳೆಯಲ್ಲಿ ಸಿಗುತ್ತದೆ.

ಹಿಂಗಾರಿ ಸೀಮೆಯ ಎಷ್ಟೋ ಹೊಲಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಿದಾಗಿ ಬಿದ್ದಿರುತ್ತವೆ. ನೀರು ಹೀರಿ ಉಬ್ಬುವ, ಒಣಗಿ ಬಿರಿಯುವ ಎರೆಮಣ್ಣಿಗೆ ಇದು ಕೆಟ್ಟ ಕಾಲ. ಹನಿಯ ಹೊಡೆತಕ್ಕೆ ಮೇಲ್ಮಣ್ಣಿನ ಕಣಗಳು ಒಡೆದು ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದೆ ಮಣ್ಣನ್ನು ಹೊತ್ತು ಹಳ್ಳಕ್ಕೆ ಹರಿಯುತ್ತದೆ. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಜೂನ್‌ನಲ್ಲಿ ಹೆಸರು ಬಿತ್ತಿದರೆ ಎಪ್ಪತ್ತು ದಿನದ ಆಸುಪಾಸಿನಲ್ಲಿ ಕಾಯಿ ಬಿಡಿಸಿಕೊಂಡು, ಬಳ್ಳಿಯನ್ನು ಮಣ್ಣಿಗೆ ಸೇರಿಸಿ, ಜೋಳದ ಬಿತ್ತನೆಗೆ ಹೊಲ ಬಿಡಿಸಿಕೊಡಬಹುದು. ಮಳೆ ಕಡಿಮೆ ಇರುವ ಕಡೆ ಈ ಹೆಚ್ಚಿನ ಬೆಳೆ ಜೋಳಕ್ಕೆ ಮೀಸಲಾದ ತೇವವನ್ನು ಕುಡಿದುಬಿಡುವ ಅಪಾಯವಿದೆ. ಅಂಥಲ್ಲಿ ಚೌಕು ಮಡಿ ಹಾಕಿ ನೀರು ನಿಲ್ಲಿಸಿಕೊಂಡು, ಒಂದು ವರ್ಷ ಜೋಳ, ಮರುವರ್ಷ ಕಡಲೆ ಎಂದು ಬೆಳೆ ಬದಲಿಸುವುದು ಲೇಸು.

ದ್ವಿದಳ ಬೆಳೆ ತನ್ನ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಬಿತ್ತಿದ ಐದಾರು ವಾರಕ್ಕೆ, ಹೂ ಬಿಡುವ ಹೊತ್ತಿಗೆ, ಹೆಸರುಕಾಳಿನ ಒಂದು ಗಿಡವನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತಿ, ಬೇರನ್ನು ನೀರಿನಲ್ಲಿ ನಿಧಾನವಾಗಿ ತೊಳೆಯಿರಿ. ಸಾಸಿವೆ ಕಾಳಿನಷ್ಟೋ ಅದಕ್ಕಿಂತ ದಪ್ಪವೋ ಆದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿ. ಸಾರಜನಕ ಹಿಡಿಯುವ ಕಿಣ್ವವನ್ನು ಆಮ್ಲಜನಕ ಕೆಡಿಸದಂತೆ ಅದು ಕಾಯುತ್ತದೆ. ಒಳಗೆ ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಆ ಗಂಟಿನಿಂದ ಲಾಭವಿಲ್ಲ. ಇನ್ನೊಂದು ಮಾತು: ಹಿಡಿದ ಸಾರಜನಕದ ಬಹುಪಾಲು ಕಾಳಿನ ಜೊತೆ ಚೀಲ ಸೇರುತ್ತದೆ. ಕಡಲೆಯನ್ನೂ ಬೇರುಸಮೇತ ಕಿತ್ತು, ಹೊಟ್ಟನ್ನೂ ಮನೆಗೆ ತಂದರೆ ನೆಲಕ್ಕೆ ದಕ್ಕುವುದು ಸ್ವಲ್ಪವೇ. ಎಲೆಯನ್ನು ಧಾರಾಳವಾಗಿ ಉದುರಿಸುವ ತೊಗರಿ ಈ ವಿಷಯದಲ್ಲಿ ಉದಾರಿ.

ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸೀಮೆ ಇದು. ಉಣ್ಣುವ ಮೊದಲು ಭೂಮಿತಾಯಿಗೆ ಎಡೆ ಹಿಡಿಯುವ ಜನರಿಗೆ ಮಣ್ಣಿಗೆ ಪಾಲು ಕೊಡಿ ಎಂದು ಹೊಸದಾಗಿ ಹೇಳಬೇಕಾಗಿಲ್ಲ. ಎಷ್ಟು, ಹೇಗೆ ಎಂಬುದೇ ಪ್ರಶ್ನೆ.

ಸಾಧ್ಯವಿದ್ದಲ್ಲಿ ಜೋಳವನ್ನು ಕೀಳದೆ ನೆಲದಿಂದ ಅಂಗೈ ಅಗಲ ಬಿಟ್ಟು ಕೊಯ್ಯಿರಿ ಎನ್ನುತ್ತೇನೆ. ಬೇರು ನೆಲದಲ್ಲೇ ಕೊಳೆತು ನೀರಿಗೂ ಗಾಳಿಗೂ ದಾರಿಯಾಗುತ್ತದೆ. ಹಾಗೆ ಮಾಡುವವರಿಗೆ ಒಂದು ಎಚ್ಚರಿಕೆ. ಅಕಾಲಿಕ ಮಳೆ ಬಿದ್ದರೆ ಕೂಳೆ ಚಿಗುರುತ್ತದೆ, ಆ ಚಿಗುರು ದನಕ್ಕೆ ವಿಷ. ಜೋಳದ ಎಳೆಯ ಎಲೆಯಲ್ಲಿ ಧುರಿನ್ ಎಂಬ ರಾಸಾಯನಿಕವೂ ಅದನ್ನು ಒಡೆಯುವ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ದನ ಅಗಿದಾಗ ಎರಡೂ ಕೂಡಿ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ದೇಹದ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ದನ ಏದುಸಿರು ಬಿಟ್ಟು ಕೆಲವೇ ನಿಮಿಷಗಳಲ್ಲಿ ಬೀಳಬಹುದು. ಪಶುವೈದ್ಯರ ಬಳಿ ಇದಕ್ಕೆ ಚುಚ್ಚುಮದ್ದಿದೆ, ಆದರೆ ತಡವಾದರೆ ಫಲವಿಲ್ಲ. ಚಿಗುರಿದ ಕೂಳೆಗೆ ದನ ಬಿಡಬೇಡಿ. ಮಳೆಯಿಲ್ಲದೆ ಬಾಡಿದ ಎಳೆ ಜೋಳವೂ ಇಷ್ಟೇ ಅಪಾಯಕಾರಿ. ಬಲಿತು ಒಣಗಿದ ಕಣಿಕೆಗೆ ಈ ಭಯವಿಲ್ಲ.

ಕಣಿಕೆ ಪೂರ್ತಿ ದನಕ್ಕೇ ಬೇಕು ಎನ್ನುವ ಮನೆಯಲ್ಲಿ ಮಣ್ಣಿನ ಪಾಲು ಕೊಟ್ಟಿಗೆಯ ಮೂಲಕವೇ ಬರಬೇಕು. ಒಂದು ಟನ್ ಕಣಿಕೆಯ ಜೊತೆ ಐದಾರು ಕಿಲೋ ಸಾರಜನಕ, ಹತ್ತು ಕಿಲೋಗೂ ಮಿಕ್ಕಿ ಪೊಟ್ಯಾಷ್ ಹೊಲದಿಂದ ಹೊರಬೀಳುತ್ತದೆ. ದನ ತಿಂದ ಪೊಟ್ಯಾಷಿನ ಬಹುಭಾಗ ಸೆಗಣಿಗಿಂತ ಗಂಜಲದಲ್ಲಿ ಹೊರಬರುತ್ತದೆ, ಸಾರಜನಕದಲ್ಲೂ ದೊಡ್ಡ ಪಾಲು ಗಂಜಲದ್ದೇ. ನಾವು ಸೆಗಣಿಯನ್ನು ಜೋಪಾನವಾಗಿ ಬಾಚಿ ಗಂಜಲವನ್ನು ಚರಂಡಿಗೆ ಬಿಡುತ್ತೇವೆ. ದನ ಗೋದಲಿಯಲ್ಲಿ ತಿಂದು ಬಿಟ್ಟ ಕಣಿಕೆಯ ಗಟ್ಟಿ ತುಂಡುಗಳನ್ನು ಎಸೆಯದೆ ರಾತ್ರಿ ಅವುಗಳ ಕಾಲಡಿ ಹಾಸಿ. ಇಂಗಾಲ ತುಂಬಿದ ಆ ನಾರು ಸಾರಜನಕ ತುಂಬಿದ ಗಂಜಲವನ್ನು ಹೀರುತ್ತದೆ, ಎರಡರ ಕೊರತೆಯೂ ಒಟ್ಟಿಗೆ ನೀಗುತ್ತದೆ. ಬೆಳಿಗ್ಗೆ ಅದನ್ನು ಸೆಗಣಿಯ ಜೊತೆ ನೆರಳಿರುವ ತಿಪ್ಪೆಗುಂಡಿಗೆ ಹಾಕಿ ಮೇಲೆ ತೆಳುವಾಗಿ ಮಣ್ಣು ಹರಡಿ.

ಇಷ್ಟೆಲ್ಲ ಮಾಡಿದ ಗೊಬ್ಬರವನ್ನು ಬೇಸಿಗೆಯಲ್ಲಿ ಹೊಲಕ್ಕೆ ಸಾಗಿಸಿ, ಗುಂಪೆ ಗುಂಪೆಯಾಗಿ ಸುರಿದು, ಮಳೆ ಬರುವವರೆಗೆ ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಉಳಿದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಬಂಡಿ ಹೊಡೆದ ದಿನವೇ ಹರವಿ, ಅಂದೇ ಕುಂಟೆ ಹೊಡೆದು ಮಣ್ಣಿನಲ್ಲಿ ಮುಚ್ಚಿ. ಗೊಬ್ಬರ ಎಲ್ಲ ಹೊಲಕ್ಕೂ ಸಾಲದಿದ್ದರೆ, ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿರುವ ತುಂಡಿಗೆ ಮೊದಲು ಹಾಕಿ.