ದುಡ್ಡು ಬರಲಿಲ್ಲ ಸಾರ್, ಬರೀ ಟೈರ್ ಬಂತು

ವಾರಪೂರ್ತಿ ಆಫೀಸು, ಭಾನುವಾರ ಆಟೋಕ್ರಾಸ್. ವರ್ಷಕ್ಕೆ ಒಂದೆರಡು ರ‍್ಯಾಲಿ. ರಜೆ ಸಿಕ್ಕರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಮೋಟಾರ್ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಓಡಾಡುವ ಇಂಥ ಹವ್ಯಾಸಿ ರೇಸರ್‌ಗಳು ಕೆಲವರು ನನ್ನ ಹತ್ತಿರ ರಿಟರ್ನ್ ಫೈಲ್ ಮಾಡಿಸುತ್ತಾರೆ. ಒಳ್ಳೆ ಹುಡುಗರು. ಸಸ್ಪೆನ್ಷನ್ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಸ್ಪಾನ್ಸರ್ ಏನು ಕೊಟ್ಟರು ಅಂತ ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: ‘ದುಡ್ಡು ಬರಲಿಲ್ಲ ಸಾರ್, ಬರೀ ಟೈರ್ ಬಂತು.’

ಟೈರ್ ಬಂತು ಅಂದರೆ ಆದಾಯ ಬಂತು. ಇಷ್ಟನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ಕಂಪನಿಯವರು ನಿಮ್ಮ ಮೇಲಿನ ಪ್ರೀತಿಗೆ ಟೈರ್ ಕೊಟ್ಟಿಲ್ಲ. ಬಾನೆಟ್ ಮೇಲೆ ಅವರ ಸ್ಟಿಕರ್ ಅಂಟಿಸಿದ್ದೀರಿ, ಇನ್‌ಸ್ಟಾಗ್ರಾಂನಲ್ಲಿ ಅವರ ಹೆಸರು ಹಾಕಿದ್ದೀರಿ. ಅದಕ್ಕೆ ಸಂದ ಬೆಲೆ ಅದು. ಹಾಗಾಗಿ ಅದು ಗಿಫ್ಟ್ ಅಲ್ಲ. ‘50,000 ರೂಪಾಯಿವರೆಗೆ ಗಿಫ್ಟ್‌ಗೆ ತೆರಿಗೆ ಇಲ್ವಲ್ಲ ಸಾರ್’ ಅಂತ ಯೂಟ್ಯೂಬ್ ನೋಡಿಕೊಂಡು ಬಂದವರಿಗೂ ನನ್ನ ಉತ್ತರ ಇದೇ. ಎಂಜಿನ್ ಆಯಿಲ್, ರೇಸಿಂಗ್ ಸೂಟ್, ಸ್ಪಾನ್ಸರ್ ನೇರವಾಗಿ ಆಯೋಜಕರಿಗೆ ಕಟ್ಟಿದ ನಿಮ್ಮ ಎಂಟ್ರಿ ಫೀ, ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ.

2022ರ ಜುಲೈ 1ರಿಂದ ಇದಕ್ಕೆ 194ಆರ್ ಎಂಬ ಕಲಮೇ ಇದೆ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ನಂಬರೆಲ್ಲ ಬದಲಾಗಿದೆ. ನನ್ನ ಬಾಯಿಗೆ ಇನ್ನೂ ಹಳೇ ನಂಬರೇ ಬರುತ್ತದೆ, ಸಹಿಸಿಕೊಳ್ಳಿ.) ನಿಮ್ಮ ವ್ಯವಹಾರ ಅಥವಾ ವೃತ್ತಿಯ ಸಂಬಂಧವಾಗಿ ಯಾರಾದರೂ ವರ್ಷಕ್ಕೆ 20,000 ರೂಪಾಯಿ ಮೀರಿದ ಸವಲತ್ತು ಕೊಟ್ಟರೆ, ಕೊಡುವವರು 10% ಟಿಡಿಎಸ್ ಕಟ್ಟಬೇಕು. ಟೈರಿನಲ್ಲಿ ಹತ್ತನೇ ಒಂದು ಭಾಗ ಕುಯ್ದು ಇಟ್ಟುಕೊಳ್ಳೋಕಾಗುತ್ತಾ? ಆಗಲ್ಲ. ಅದಕ್ಕೇ ಒಂದೋ ಕಂಪನಿ ಆ ತೆರಿಗೆಯನ್ನು ತಾನೇ ಹೊರುತ್ತದೆ, ಇಲ್ಲ ನಿಮ್ಮಿಂದ ವಸೂಲಿ ಮಾಡಿಕೊಂಡ ಮೇಲೆ ಮಾಲು ಕೊಡುತ್ತದೆ.

ಒಬ್ಬ ರ‍್ಯಾಲಿ ಡ್ರೈವರ್ ಡೆಲಿವರಿ ಚಲನ್ ತಂದು ನನ್ನ ಮೇಜಿನ ಮೇಲಿಟ್ಟರು. ಹನ್ನೆರಡು ಟೈರ್. ದರದ ಕಾಲಂನಲ್ಲಿ ಸೊನ್ನೆ, ಮೊತ್ತದ ಕಾಲಂನಲ್ಲೂ ಸೊನ್ನೆ. ‘ನೋಡಿ ಸಾರ್, ಅವರೇ ಸೊನ್ನೆ ಅಂತ ಬರೆದಿದ್ದಾರೆ’ ಅಂದರು, ಗೆದ್ದ ಖುಷಿಯಲ್ಲಿ. ನಾನು ಅವರ ಎಐಎಸ್, ಅಂದರೆ ಅವರ ಆದಾಯದ ಬಗ್ಗೆ ತೆರಿಗೆ ಇಲಾಖೆಯ ಬಳಿ ಇರುವ ವಾರ್ಷಿಕ ಪಟ್ಟಿ, ತೆರೆದೆ. ಅಲ್ಲಿ 194ಆರ್ ಅಡಿ 1,20,000 ರೂಪಾಯಿ, ಪಕ್ಕದಲ್ಲೇ 12,000 ಟಿಡಿಎಸ್. ‘ಕಂಪನಿಯವರು ನಿಮ್ಮ ಹತ್ತಿರ 12,000 ಕಟ್ಟಿಸಿಕೊಂಡಿದ್ರಾ?’ ಅಂದೆ. ‘ಹೌದು ಸಾರ್, ಅದು ಟ್ರಾನ್ಸ್‌ಪೋರ್ಟ್ ಚಾರ್ಜ್ ಅಂದ್ಕೊಂಡೆ.’

ಬಚ್ಚಿಟ್ಟರೆ ಇಲಾಖೆಗೆ ಗೊತ್ತಾಗುತ್ತೆ ಅಂತ ಹೆದರಿಸುವುದು ನನ್ನ ಉದ್ದೇಶ ಅಲ್ಲ. ತೋರಿಸಿದರೆ ನಿಮಗೇ ಲಾಭ ಅನ್ನುವುದು ಈ ಹುಡುಗರ ತಲೆಗೆ ಹೋಗುತ್ತಿಲ್ಲ, ಅದು ನನ್ನ ಸಂಕಟ. ನೋಡಿ, 1,20,000 ರೂಪಾಯಿಯ ಟೈರ್ ಆದಾಯ. ಅದೇ ಟೈರ್ ರ‍್ಯಾಲಿಯಲ್ಲಿ ಸವೆದು ಹೋಯಿತು. ಹಾಗಾದರೆ ಅದೇ 1,20,000 ನಿಮ್ಮ ಖರ್ಚು. ಎರಡನ್ನೂ ಬರೆದರೆ ಉಳಿಯುವುದು ಸೊನ್ನೆ, ಆ ಚಲನ್‌ನಲ್ಲಿದ್ದ ಸುಳ್ಳು ಸೊನ್ನೆ ಅಲ್ಲ, ನಿಜವಾದ ಸೊನ್ನೆ. ಕಟ್ಟಿದ 12,000 ನಿಮ್ಮ ತೆರಿಗೆಗೆ ಜಮಾ ಆಗುತ್ತದೆ, ಜಾಸ್ತಿಯಾದರೆ ವಾಪಸ್ ಬರುತ್ತದೆ. ಬಚ್ಚಿಟ್ಟವರ ಗತಿ ಬೇರೆ. ಆದಾಯ ಎಐಎಸ್‌ನಲ್ಲಿ ಕೂತಿರುತ್ತದೆ, ಖರ್ಚು ಎಲ್ಲೂ ಇರುವುದಿಲ್ಲ. ನೋಟಿಸ್ ಬಂದ ಮೇಲೆ ಸವೆದ ಟೈರಿಗೆ ಸಾಕ್ಷಿ ಎಲ್ಲಿಂದ ತರ್ತೀರಿ?

ಇದಕ್ಕೆ ಕೆಲವು ಷರತ್ತು ಇವೆ. ಹನ್ನೆರಡರಲ್ಲಿ ಎರಡು ಟೈರ್ ಅಪ್ಪನ ಕಾರಿಗೆ ಹೋಗಿದ್ದರೆ ಆ ಎರಡು ಆದಾಯ ಹೌದು, ಖರ್ಚಲ್ಲ. ರೋಲ್ ಕೇಜ್ (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಲೋಹದ ಚೌಕಟ್ಟು) ಥರದ್ದು ವರ್ಷಗಟ್ಟಲೆ ಬಾಳುತ್ತದೆ, ಅದನ್ನು ಒಂದೇ ವರ್ಷದಲ್ಲಿ ಕಳೆಯಲು ಬಿಡುವುದಿಲ್ಲ. ವರ್ಷಕ್ಕೆ 15% ಸವಕಳಿ, ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ಸ್ಪಾನ್ಸರ್ ಕೊಟ್ಟ ವಸ್ತುವನ್ನು ಬಳಸಿ ವಾಪಸ್ ಕೊಟ್ಟರೆ ಅದು ಸವಲತ್ತೇ ಅಲ್ಲ ಅಂತ 2022ರ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ (ಸಿಬಿಡಿಟಿ) ಹೇಳಿದೆ. ಅಲ್ಲಿ ಹೇಳಿರುವುದು ಸೋಷಿಯಲ್ ಮೀಡಿಯಾದವರ ಉದಾಹರಣೆಯಲ್ಲಿ. ಸೀಸನ್ ಮುಗಿದ ಮೇಲೆ ಕಾರು ವಾಪಸ್ ಮಾಡುವವರಿಗೂ ಅನ್ವಯಿಸಬೇಕು ಅನ್ನುವುದು ನನ್ನ ಅಭಿಪ್ರಾಯ, ಆದರೂ ವಾಪಸ್ ಮಾಡಿದ್ದಕ್ಕೆ ಪತ್ರ ಬರೆಸಿ ಇಟ್ಟುಕೊಳ್ಳಿ.

ಇನ್ನೊಂದು ತಪ್ಪು ತಿಳಿವಳಿಕೆ: ಟಿಡಿಎಸ್ ಇಲ್ಲದಿದ್ದರೆ ಆದಾಯವೂ ಇಲ್ಲ ಅಂತ. ಹಿಂದಿನ ವರ್ಷ ಒಂದು ಕೋಟಿಗಿಂತ ಕಡಿಮೆ ವಹಿವಾಟು ಮಾಡಿದ ಗ್ಯಾರೇಜ್ ಮಾಲೀಕ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರೆ 194ಆರ್ ಅಡಿ ಟಿಡಿಎಸ್ ಕಟ್ಟಬೇಕಾಗಿಲ್ಲ. ಆದರೆ ಆತ ಸುಮ್ನೆ ಕೊಟ್ಟ ಅಂತ ನೀವು ಹೇಳುವ ಶಾಕ್ ಅಬ್ಸಾರ್ಬರ್ ಆದಾಯವೇ, ಅವನ ಬೋರ್ಡು ನಿಮ್ಮ ಕಾರಿನ ಬಾಗಿಲ ಮೇಲೆ ಇರುವವರೆಗೂ.

ಬಿಲ್ಲುಗಳ ವಿಷಯ ಹೇಳಲೇಬೇಕು. ಒಂದು ಕವರ್ ತುಂಬ ಬಿಲ್ ತಂದು ಸುರಿಯುತ್ತಾರೆ. ಅರ್ಧ ಪೆಟ್ರೋಲ್ ಬಂಕ್‌ನವು. ಆ ನುಣುಪು ಕಾಗದದ ಮೇಲೆ ಅಕ್ಷರ ಆಗಲೇ ಮಾಸಿ, ಬಂಕಿನ ಹೆಸರು ಮಾತ್ರ ಮಸುಕಾಗಿ ಕಾಣುತ್ತಿರುತ್ತದೆ. ಬಿಲ್ ಸಿಕ್ಕ ದಿನವೇ ಫೋಟೊ ತೆಗೆದಿಡಿ ಅಂದರೆ ಕೇಳುವುದಿಲ್ಲ. ಕಾರಿನ ಫೋಟೊ ಮಾತ್ರ ನೂರಾರು ಇರುತ್ತವೆ! ಆಫೀಸಿಗೂ ಅದೇ ಕಾರು, ರ‍್ಯಾಲಿಗೂ ಅದೇ ಕಾರು ಅನ್ನುವವರು ಎಲ್ಲಿಗೆ ಎಷ್ಟು ಕಿಲೋಮೀಟರ್ ಓಡಿಸಿದಿರಿ ಅಂತ ಬರೆದಿಡಿ, ಇಲ್ಲದಿದ್ದರೆ ಇಂಧನದ ಖರ್ಚಿನಲ್ಲಿ ಎಷ್ಟು ಪಾಲು ಒಪ್ಪುತ್ತಾರೋ ಹೇಳಲಾಗದು. ಮೆಕ್ಯಾನಿಕ್‌ಗೆ ಒಂದೇ ದಿನ 25,000 ನಗದು ಕೊಟ್ಟರೆ ಅಷ್ಟೂ ಹೋಯಿತು. ದಿನಕ್ಕೆ ಒಬ್ಬರಿಗೆ 10,000 ಮೀರಿದ ನಗದು ಪಾವತಿಯನ್ನು ಖರ್ಚು ಅಂತ ಒಪ್ಪುವುದಿಲ್ಲ, ಮೀರಿದ ಭಾಗ ಮಾತ್ರ ಅಲ್ಲ, ಪೂರ್ತಿ. ಊರ ಹೊರಗಿನ ರಸ್ತೆಯಲ್ಲಿ ‘ಪ್ರಾಕ್ಟೀಸ್’ ಮಾಡುವಾಗ ಪೊಲೀಸರು ಹಾಕಿದ ದಂಡದ ರಸೀತಿಯೂ ಆ ಕವರ್‌ನಲ್ಲಿ ಸಿಕ್ಕಿದ್ದುಂಟು. ಅದು ಖರ್ಚಲ್ಲಪ್ಪ, ಕಾನೂನು ಮುರಿದದ್ದಕ್ಕೆ ಕಟ್ಟಿದ್ದು.

ಜಿಎಸ್‌ಟಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀವು ವ್ಯಕ್ತಿಯಾಗಿ ಸ್ಪಾನ್ಸರ್‌ಶಿಪ್ ಪಡೆದು, ಕೊಡುವವರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆ ಆಗಿದ್ದರೆ ರಿವರ್ಸ್ ಚಾರ್ಜ್‌ನಲ್ಲಿ ಅವರೇ ತೆರಿಗೆ ಕಟ್ಟುತ್ತಾರೆ. ಟೀಮನ್ನೇ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರಿಗೆ 2025ರ ಜನವರಿ 16ರಿಂದ ನಿಯಮ ಬೇರೆ, ಅವರು ಪ್ರತ್ಯೇಕವಾಗಿ ಕೇಳಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ‘ರೇಸಿಂಗ್‌ನಲ್ಲಿ ಮೂರು ಲಕ್ಷ ಲಾಸ್ ಸಾರ್, ಸಂಬಳದಲ್ಲಿ ಕಳೆಯಬಹುದಲ್ವಾ?’ ಇಲ್ಲ. ವ್ಯವಹಾರದ ನಷ್ಟವನ್ನು ಸಂಬಳದಿಂದ ಕಳೆಯುವಂತಿಲ್ಲ. ಮುಂದಿನ 8 ವರ್ಷ ವ್ಯವಹಾರದ ಲಾಭದ ಎದುರು ಮಾತ್ರ ಕಳೆಯಬಹುದು. ಅದೂ ನಿಮ್ಮ ರೇಸಿಂಗ್ ನಿಜವಾಗಿ ವ್ಯವಹಾರ ಅನ್ನಿಸಿಕೊಂಡರೆ. ಒಂದೇ ಸ್ಪಾನ್ಸರ್, ವರ್ಷಕ್ಕೆ ಎರಡು ಈವೆಂಟ್, ಲೆಕ್ಕದ ಪುಸ್ತಕವೇ ಇಲ್ಲ ಅಂದರೆ ಅಧಿಕಾರಿ ಅದನ್ನು ಶೋಕಿ ಅಂದಾರು, ಸ್ವಂತ ಖುಷಿಯ ಖರ್ಚು ಅಂತ ತಳ್ಳಿಹಾಕಿಯಾರು. ಪ್ರತಿ ಕೇಸೂ ಬೇರೆ, ನಿಮ್ಮ ಕಾಗದ ನೋಡದೆ ನಾನು ಹೇಳಲಾರೆ. ವ್ಯವಹಾರ ಅಂತ ತೋರಿಸಿದರೆ ಸಂಬಳದವರ ಸರಳ ರಿಟರ್ನ್ ಫಾರಂ ಐಟಿಆರ್-1 ನಡೆಯುವುದಿಲ್ಲ, ಹಳೆ ಮತ್ತು ಹೊಸ ತೆರಿಗೆ ಪದ್ಧತಿ ನಡುವೆ ವರ್ಷ ವರ್ಷ ಜಿಗಿಯಲೂ ಆಗಲ್ಲ. ಅದನ್ನೂ ಮೊದಲೇ ಲೆಕ್ಕ ಹಾಕಿ. ನಷ್ಟ ಮುಂದಕ್ಕೆ ಒಯ್ಯಬೇಕಾದರೆ ರಿಟರ್ನ್ ಗಡುವಿನೊಳಗೆ ಹೋಗಲೇಬೇಕು. ಗಡುವಿನ ದಿನ ಒಬ್ಬರಿಗೆ ಬೆಳಗಿನಿಂದ ಫೋನ್ ಮಾಡಿದೆ. ರ‍್ಯಾಲಿಯ ಸರ್ವಿಸ್ ಪಾರ್ಕ್‌ನಲ್ಲಿದ್ದರಂತೆ, ಓಟಿಪಿ ಕಳಿಸಲು ನೆಟ್‌ವರ್ಕ್ ಇರಲಿಲ್ಲವಂತೆ.