36 ಎಳೆಗಳ ಲೆಕ್ಕ

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಗೀಸರ್ ಸ್ವಿಚ್ಚಿನ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರಲು ಶುರುವಾಯಿತು. ಗೋಡೆಯೊಳಗೆ ನೀರು ಇಳಿದಿರಬೇಕು ಅಂತ ನನ್ನ ಊಹೆ. ಕೊಡಗಿನಲ್ಲಿ ಏನು ಕೆಟ್ಟರೂ ಮೊದಲು ಮಳೆಯನ್ನೇ ಬೈಯುವುದು ನಮ್ಮ ಅಭ್ಯಾಸ.

ಎಲೆಕ್ಟ್ರಿಷಿಯನ್ ಅಣ್ಣ ಬಂದರು. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಬೋರ್ಡ್ ಬಿಚ್ಚಿದರು. ಸ್ವಿಚ್ಚಿನ ಹಿಂದಿದ್ದ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆದರು. ಅದು ಸುಮ್ನೆ ಕೈಗೆ ಬಂತು.

“ಇದನ್ನು ಯಾರೋ ಹಲ್ಲಲ್ಲಿ ಸುಲಿದಿದ್ದಾರೆ ಅಕ್ಕ” ಅಂದರು.

ನಗು ಬಂತು. ಅವರು ನಗಲಿಲ್ಲ, ಟಾರ್ಚ್ ಹಿಡಿದು ತೋರಿಸಿದರು. ಕೆಂಪು ಇನ್ಸುಲೇಷನ್ನಿನ ಅಂಚು ನಾಯಿ ಅಗಿದ ಚಪ್ಪಲಿಯ ಹಾಗೆ ಹರಿದಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ಕೆಲವು ಉದ್ದ, ಕೆಲವು ಮೊಂಡು, ತುದಿಯೆಲ್ಲ ಕಪ್ಪು. ಅದು ಎರಡೂವರೆ ವೈರು, ಅಂದರೆ 2.5 ಚದರ ಮಿಲಿಮೀಟರಿನದ್ದು. ಇಂಥ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರ್ ದಪ್ಪದ 36 ಎಳೆಗಳು ಇರುತ್ತವೆ. ಒಂದೂವರೆ ವೈರಿನಲ್ಲಾದರೆ 22. ಇಬ್ಬರೂ ಕೂತು ಎಣಿಸಿದೆವು. ಸ್ವಿಚ್ಚಿನಲ್ಲಿ ವೈರನ್ನು ಸ್ಕ್ರೂ ಹಾಕಿ ಬಿಗಿಯುವ ಟರ್ಮಿನಲ್‌ವರೆಗೆ ತಲುಪಿದ್ದು 25 ಮಾತ್ರ.

ಹಾಗಾದರೆ 11 ಎಳೆ ಕಮ್ಮಿಯಾಗಿದ್ದಕ್ಕೇ ವೈರು ಬಿಸಿಯಾಯಿತಾ? ನಾನೂ ಹಾಗೇ ಅಂದುಕೊಂಡೆ. ರಾತ್ರಿ ಲೆಕ್ಕ ಹಾಕಿ ನೋಡಿದರೆ ಉತ್ತರ ಬೇರೆಯೇ ಇತ್ತು.

2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಎರಡೂವರೆ ತಾಮ್ರದ ವೈರಿನ ಒಂದು ಸೆಂಟಿಮೀಟರ್ ತುಂಡಿನ ರೆಸಿಸ್ಟೆನ್ಸ್ 0.00007 ಓಮ್‌ಗೆ ಹತ್ತಿರ. ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸಿನಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಶಾಖ ಸಿಗುತ್ತದೆ. ಆ ಒಂದು ಸೆಂಟಿಮೀಟರಿನಲ್ಲಿ ಅದು 0.005 ವ್ಯಾಟ್. ಎಳೆಗಳು 25ಕ್ಕೆ ಇಳಿದರೆ 0.007ರ ಮೇಲೆ ಹೋಗುತ್ತದೆ, ಅಷ್ಟೇ. ಇದರಿಂದ ಇರುವೆಗೂ ಬಿಸಿ ತಾಗುವುದಿಲ್ಲ.

ಸುಟ್ಟಿದ್ದು ತಾಮ್ರದ ಕೊರತೆಯಿಂದಲ್ಲ, ಲೂಸ್ ಕಾಂಟ್ಯಾಕ್ಟಿನಿಂದ. 36 ಎಳೆಯ ಕಟ್ಟು ಟರ್ಮಿನಲ್ಲಿನ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ, ಸ್ಕ್ರೂ ಅದನ್ನು ಅದುಮಿ ಹಿಡಿಯುತ್ತದೆ. ಮೋಟು ಎಳೆಗಳಿರುವ ಕಟ್ಟು ಹಾಗಲ್ಲ. ಸ್ಕ್ರೂ ತಿರುಗಿದಂತೆ ಎಳೆಗಳು ಪಕ್ಕಕ್ಕೆ ಸರಿಯುತ್ತವೆ. ಬಿಗಿಯಾದ ಹಾಗೆ ಅನ್ನಿಸುತ್ತದೆ, ಆಗಿರುವುದಿಲ್ಲ. ಅಂಥ ಕಡೆ ರೆಸಿಸ್ಟೆನ್ಸ್ 0.1 ಓಮ್ ಆಯಿತು ಅಂತಿಟ್ಟುಕೊಳ್ಳಿ. ಅದೇ ಗೀಸರಿಗೆ ಅಲ್ಲಿ 7.6 ವ್ಯಾಟ್ ಶಾಖ. 0.3 ಓಮ್ ಆದರೆ 23 ವ್ಯಾಟಿಗೆ ಹತ್ತಿರ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು! ಸ್ವಿಚ್ಚಿನ ಹಿಂದೆ, ಕಡಲೆಕಾಳಿನಷ್ಟು ಜಾಗದಲ್ಲಿ, ಅಂಥದ್ದೊಂದು ಉರಿಯುತ್ತಿದೆ ಅಂತ ಅರ್ಥ. ಬಿಸಿಗೆ ತಾಮ್ರದ ಮೇಲೆ ಕಪ್ಪು ಆಕ್ಸೈಡ್ ಕಟ್ಟುತ್ತದೆ. ಅದು ರೆಸಿಸ್ಟೆನ್ಸನ್ನು ಇನ್ನೂ ಏರಿಸುತ್ತದೆ, ಬಿಸಿ ಇನ್ನೂ ಜಾಸ್ತಿಯಾಗುತ್ತದೆ. ವೈರು ಸುಲಿದವನು ಅಷ್ಟು ಹೊತ್ತಿಗೆ ದುಡ್ಡು ಎಣಿಸಿಕೊಂಡು ಹೋಗಿ ವರ್ಷವಾಗಿರುತ್ತದೆ.

ಕಡಿದು ಬಿದ್ದ ಎಳೆ ಕಣ್ಣಿಗಾದರೂ ಕಾಣುತ್ತದೆ. ಕಡಿಯದೆ ಬರೀ ಕಚ್ಚು ಬಿದ್ದ ಎಳೆ ಅದಕ್ಕಿಂತ ಕೆಟ್ಟದ್ದು. ತೋಟದಲ್ಲಿ ಮರಗಸಿ ಮಾಡುವವರನ್ನು ನೋಡಿದ್ದೀರಲ್ವಾ? ಕೊಂಬೆ ಎಲ್ಲಿ ಮುರಿಯಬೇಕೋ ಅಲ್ಲಿ ಮೊದಲು ಒಂದು ಕಚ್ಚು ಹಾಕುತ್ತಾರೆ. ಉಳಿದದ್ದನ್ನು ಕೊಂಬೆಯ ಭಾರವೇ ನೋಡಿಕೊಳ್ಳುತ್ತದೆ. ಬಲವೆಲ್ಲ ಕಚ್ಚಿನ ತುದಿಗೆ ಬಂದು ಸೇರುವುದರಿಂದ ಬೇರೆಲ್ಲೂ ಮುರಿಯುವುದಿಲ್ಲ. ಶಾಂಪೂ ಪೊಟ್ಟಣದ ಅಂಚಿನಲ್ಲಿ ಸಣ್ಣ ಸೀಳು ಇರುವುದೂ ಇದಕ್ಕೇ. ತಾಮ್ರದ ತಂತಿಗೆ ಬ್ಲೇಡ್ ತಾಗಿದರೂ ಆಗುವುದು ಅದೇ. ಜೊತೆಗೆ ತಾಮ್ರಕ್ಕೆ ಇನ್ನೊಂದು ಗುಣವಿದೆ. ಮಡಚಿದಷ್ಟೂ ಅದು ಗಡುಸಾಗುತ್ತದೆ, ಗಡುಸಾದಷ್ಟೂ ಪಟ್ಟನೆ ಮುರಿಯುತ್ತದೆ. ವೈರುಗಳನ್ನು ಮಡಚಿ ಬಾಕ್ಸಿನೊಳಗೆ ತುರುಕುವಾಗ ಕಚ್ಚು ಬಿದ್ದ ಎಳೆ ಅಲ್ಲೇ ತುಂಡಾಗುತ್ತದೆ. ಬೋರ್ಡ್ ಮುಚ್ಚಿದ ಮೇಲೆ ಯಾರಿಗೆ ಗೊತ್ತಾಗಬೇಕು?

ವೈರನ್ನು ಇಷ್ಟೊಂದು ತೆಳು ಎಳೆಗಳಾಗಿ ಮಾಡಿರುವುದೂ ಮಡಚುವ ಕಷ್ಟಕ್ಕೇ. ತಂತಿ ಬಾಗಿದಾಗ ಅದರ ಹೊರಮೈ ಎಷ್ಟು ಹಿಗ್ಗಬೇಕು ಅನ್ನುವುದು ದಪ್ಪದ ಮೇಲೆ ನಿಂತಿದೆ. ಎರಡೂವರೆ ವೈರು ಒಂದೇ ಗಟ್ಟಿ ತಂತಿಯಾಗಿದ್ದರೆ 1.78 ಮಿಲಿಮೀಟರ್ ದಪ್ಪ ಇರುತ್ತಿತ್ತು. ಅದೇ ತಿರುವಿನಲ್ಲಿ ಅದರ ಹೊರಮೈ 0.3ರ ಎಳೆಗಿಂತ ಸುಮಾರು ಆರು ಪಟ್ಟು ಹಿಗ್ಗಬೇಕಾಗುತ್ತಿತ್ತು. ತೆಳು ಎಳೆ ಸಲೀಸಾಗಿ ಬಾಗುತ್ತದೆ. ಆದರೆ ಬ್ಲೇಡಿಗೂ ಅಷ್ಟೇ ಸಲೀಸಾಗಿ ಸಿಗುತ್ತದೆ.

ಇಷ್ಟಾದ ಮೇಲೆ ಅಣ್ಣನ ಚೀಲದಲ್ಲಿ ಏನಿದೆ ಅಂತ ಕುತೂಹಲ ಹುಟ್ಟಿತು. ಎಂಟು ಇಂಚಿನ ಟಪಾರಿಯಾ ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಟೆಸ್ಟರ್, ಎರಡು ಸ್ಕ್ರೂ ಡ್ರೈವರ್, ಟೇಪ್. ವೈರಿನ ಪ್ಲಾಸ್ಟಿಕ್ ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್ ಮಾತ್ರ ಮೂರು.

ಮೊದಲನೆಯದು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಸಾದಾ ಸ್ಟ್ರಿಪ್ಪರ್. ಎರಡು ಬ್ಲೇಡ್, ಒಂದೊಂದರಲ್ಲೂ ಒಂದು ವಿ ಆಕಾರದ ಕಚ್ಚು, ಮಧ್ಯೆ ಸ್ಪ್ರಿಂಗ್, ಎಷ್ಟು ಮುಚ್ಚಬೇಕು ಅಂತ ಹಿಡಿಯಲು ಒಂದು ಸ್ಕ್ರೂ. ಅಣ್ಣ ಅದನ್ನು ಒಂದೂವರೆ ವೈರಿಗೆ ಸೆಟ್ ಮಾಡಿಟ್ಟಿದ್ದಾರೆ. ಎರಡೂವರೆ ಬಂದರೆ ಸ್ಕ್ರೂ ಮುಟ್ಟುವುದಿಲ್ಲ, ಕೈಯಲ್ಲೇ ಸ್ವಲ್ಪ ಸಡಿಲ ಹಿಡಿಯುತ್ತಾರೆ. ಬ್ಲೇಡ್ ಪ್ಲಾಸ್ಟಿಕ್ ದಾಟಿ ತಾಮ್ರಕ್ಕೆ ತಾಗುವ ಮೊದಲು ಅಂಗೈಗೆ ಒಂದು ವ್ಯತ್ಯಾಸ ಗೊತ್ತಾಗುತ್ತದಂತೆ. ನಾನೂ ಹತ್ತು ಸಲ ಪ್ರಯತ್ನಿಸಿದೆ. ಏಳು ಸಲ ಎಳೆ ಕಡಿದೆ.

ಎರಡನೆಯದರಲ್ಲಿ ಸಾಲಾಗಿ ತೂತುಗಳು, ಪಕ್ಕದಲ್ಲಿ ನಂಬರು. ಒಂದೊಂದು ದಪ್ಪಕ್ಕೆ ಒಂದೊಂದು ತೂತು ಇರುವುದರಿಂದ ಕೈಚಳಕ ಬೇಕಿಲ್ಲ. ತೊಂದರೆ ಏನೆಂದರೆ, ಅವರು ತರಿಸಿಕೊಂಡಿದ್ದರ ಮೇಲೆ ಇದ್ದದ್ದು ಅಮೆರಿಕದ ಗೇಜ್ ನಂಬರು. ಆ ಪದ್ಧತಿಯಲ್ಲಿ ನಂಬರು ಹೆಚ್ಚಿದಷ್ಟೂ ತಂತಿ ಸಣ್ಣ. ಹಿಂದೆ ತಂತಿಯನ್ನು ಒಂದಕ್ಕಿಂತ ಒಂದು ಕಿರಿದಾದ ಅಚ್ಚುಗಳಲ್ಲಿ ಎಳೆದೆಳೆದು ತೆಳು ಮಾಡುತ್ತಿದ್ದರು. ಜಾಸ್ತಿ ಸಲ ಎಳೆದದ್ದಕ್ಕೆ ದೊಡ್ಡ ನಂಬರು. ಆರು ನಂಬರು ಇಳಿದರೆ ದಪ್ಪ ಎರಡು ಪಟ್ಟಾಗುತ್ತದೆ. 12ನೇ ನಂಬರಿನ ಗಟ್ಟಿ ತಂತಿ 2.05 ಮಿಲಿಮೀಟರ್. ನಮ್ಮ ಎರಡೂವರೆ ವೈರಿನ 36 ಎಳೆಯ ಕಟ್ಟು ಸುಮಾರು 2.1. ಕೂದಲಿನಷ್ಟೇ ವ್ಯತ್ಯಾಸ, ಆದರೆ ಹೊರಸಾಲಿನ ಎಳೆಗಳಿಗೆ ಗಾಯ ಮಾಡಲು ಅಷ್ಟು ಸಾಕು. ಹಾಗಾಗಿ ಎರಡೂವರೆಗೆ ಅಣ್ಣ ಒಂದು ತೂತು ದೊಡ್ಡದನ್ನೇ ಬಳಸುತ್ತಾರೆ. ನಮ್ಮಲ್ಲೂ ಮೊದಲು ಬ್ರಿಟಿಷರ ಗೇಜ್ ಇತ್ತು. ಹಳೇ ಬಂಗಲೆಗಳ ವೈರಿಂಗ್ ವಿಷಯ ಬಂದರೆ “3/22”, “7/20” ಅನ್ನುವವರು ಈಗಲೂ ಇದ್ದಾರೆ. 22 ಗೇಜಿನ ಮೂರು ಎಳೆ, 20 ಗೇಜಿನ ಏಳು ಎಳೆ ಅಂತ ಅದರ ಅರ್ಥ.

ಮೂರನೆಯದು ಆಟೋಮ್ಯಾಟಿಕ್. ಒಂದು ಜೊತೆ ದವಡೆ ವೈರನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದು ಜೊತೆ ಸಿಪ್ಪೆ ಕತ್ತರಿಸಿ ಪಕ್ಕಕ್ಕೆ ಎಳೆಯುತ್ತದೆ. ಒಂದು ಸಲ ಅದುಮಿದರೆ ಎಲ್ಲ ಮುಗಿಯುತ್ತದೆ. ಅವರು ಇದನ್ನು ತೆಗೆದುಕೊಂಡಿದ್ದು ಮಡಿಕೇರಿ ದಸರಾ ಮೆರವಣಿಗೆಯ ಮಂಟಪದ ಲೈಟಿಂಗ್ ಕೆಲಸಕ್ಕೆ. ವಿಜಯದಶಮಿ ರಾತ್ರಿ ಹತ್ತು ಮಂಟಪ ಹೊರಡಬೇಕು. ನೂರಾರು ತುದಿಗಳನ್ನು ಸಾದಾ ಸ್ಟ್ರಿಪ್ಪರಿನಲ್ಲಿ ಸುಲಿಯುತ್ತಾ ಕೂತರೆ ಮಣಿಕಟ್ಟು ಬಿದ್ದುಹೋಗುತ್ತದೆ. ಮನೆ ಕೆಲಸಕ್ಕೆ ಮಾತ್ರ ಅದನ್ನು ಹೊರಗೆ ತೆಗೆಯುವುದಿಲ್ಲ. ಗೋಡೆ ಬಾಕ್ಸಿನಲ್ಲಿ ಎರಡು ಇಂಚು ವೈರು ಉಳಿದಿರುವಾಗ ಅದರ ದಪ್ಪ ಮೂತಿ ಒಳಗೇ ಹೋಗಲ್ಲ.

ಚಳಿಯಲ್ಲೂ ಅದು ಕೈ ಕೊಡುತ್ತದೆ ಅಂದರು. ಇದು ನನಗೆ ಹೊಸದು. ಯೋಚಿಸಿದರೆ ಸರಿಯೇ. ವೈರಿನ ಸಿಪ್ಪೆಯೂ ಗೋಡೆಯೊಳಗಿನ ಗಟ್ಟಿ ಪೈಪೂ ಒಂದೇ ಪ್ಲಾಸ್ಟಿಕ್, ಪಿವಿಸಿ. ವೈರಿಗೆ ಹಾಕುವಾಗ ಎಣ್ಣೆಯಂಥ ಮೆದುಕಾರಕ ಬೆರೆಸಿ ಬಾಗುವಂತೆ ಮಾಡಿರುತ್ತಾರೆ. ತಂಪಾದಾಗ ಆ ಮೆದುತನ ತಗ್ಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮೋಟಾರಿನ ವೈರಿಂಗಿಗೆ ಹೋದರೆ, ಶೆಡ್ಡಿನಲ್ಲಿ ರಾತ್ರಿಯೆಲ್ಲ ಬಿದ್ದಿದ್ದ ವೈರು ಬೆತ್ತದ ಹಾಗೆ ನಿಂತಿರುತ್ತದೆ. ಗಡುಸು ಸಿಪ್ಪೆಯ ಮೇಲೆ ದವಡೆ ಜಾರುತ್ತದೆ. ಅಣ್ಣ ವೈರಿನ ತುದಿಯನ್ನು ಅರ್ಧ ನಿಮಿಷ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರಂತೆ.

ಲೈಟರಿನಲ್ಲಿ ಸುಟ್ಟು ಸಿಪ್ಪೆ ತೆಗೆಯುವವರೂ ಇದ್ದಾರೆ. ಅದು ಹಲ್ಲಿಗಿಂತ ಕೆಟ್ಟದ್ದು. ಬರೀ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ತೇವ ತಾಗಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಜೂನ್‌ನಿಂದ ಗೋಡೆಯೇ ಬೆವರುವ ನಮ್ಮೂರಿನಲ್ಲಿ ತೇವಕ್ಕೇನು ಬರ? ಮಸಿ ಹಿಡಿದ ತಾಮ್ರವನ್ನು ಆ ಆಮ್ಲ ನಿಧಾನವಾಗಿ ತಿನ್ನುತ್ತದೆ.

ಪ್ಲೇಯರಿನ ಹಿಡಿಯ ಬಗ್ಗೆಯೂ ಒಂದು ಮಾತು. ಬಣ್ಣದ ಪ್ಲಾಸ್ಟಿಕ್ ಹಾಕಿದ್ದೆಲ್ಲ ಶಾಕ್ ತಡೆಯುವುದಿಲ್ಲ. ಬಹಳಷ್ಟು ಬರೀ ಹಿಡಿತಕ್ಕೆ ಹಾಕಿದ್ದು. ಕರೆಂಟ್ ಇರುವ ಕಡೆ ಬಳಸಲೆಂದೇ ಮಾಡಿದ ಪ್ಲೇಯರಿನ ಮೇಲೆ 1000 ವೋಲ್ಟ್ ಎಂಬ ಗುರುತು, ಜೊತೆಗೆ ಎರಡು ತ್ರಿಕೋನದ ಚಿಹ್ನೆ ಇರುತ್ತದೆ. ಅದನ್ನು 10,000 ವೋಲ್ಟಿನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಅಂಥ ಹಲವು ಹಿಡಿಗಳಲ್ಲಿ ಒಳಗೊಂದು, ಹೊರಗೊಂದು ಬಣ್ಣ. ಹೊರಗಿನ ಪದರ ಸೀಳಿದರೆ ಒಳಗಿನದು ಕಂಡು, ಬದಲಾಯಿಸುವ ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಒದ್ದೆ ಕೈಯಲ್ಲಿ ದೇಹದ ರೆಸಿಸ್ಟೆನ್ಸ್ 1000 ಓಮ್ ಆಸುಪಾಸಿಗೆ ಇಳಿಯಬಹುದು. ಆಗ 230 ವೋಲ್ಟ್ ತಾಗಿದರೆ 230 ಮಿಲಿ ಆಂಪಿಯರ್. ಕರೆಂಟ್ ಸೋರಿದರೆ ತಾನೇ ಆಫ್ ಆಗಲೆಂದು ಮನೆಗೆ ಹಾಕಿಸುವ ಆರ್‌ಸಿಸಿಬಿ 30ಕ್ಕೇ ಟ್ರಿಪ್ ಆಗುವಂತೆ ಇಟ್ಟಿರುವುದು ಸುಮ್ನೆ ಅಲ್ಲ.

ಅವತ್ತು ಅಣ್ಣ ಸುಟ್ಟ ತುದಿಯನ್ನು ಹಿಂದಕ್ಕೆ, ತಾಮ್ರ ಹೊಳೆಯುವವರೆಗೆ ಕತ್ತರಿಸಿದರು. ಸಾದಾ ಸ್ಟ್ರಿಪ್ಪರಿನಲ್ಲೇ ಸುಲಿದು, ಎಳೆಗಳನ್ನು ಬಲಕ್ಕೆ ತಿರುಚಿ, ತುದಿಯನ್ನು ಎರಡಾಗಿ ಮಡಚಿ ಹೊಸ ಸ್ವಿಚ್ಚಿಗೆ ಕೂರಿಸಿದರು. ಸ್ಕ್ರೂ ಬಿಗಿ ಮಾಡಿ ಒಂದೊಂದು ವೈರನ್ನೂ ಎಳೆದು ನೋಡಿದರು. “ಈಗ ನೀವು ಎಳೀರಿ ಅಕ್ಕ” ಅಂದರು. ಎಳೆದೆ, ಅಲ್ಲಾಡಲಿಲ್ಲ.

ಸಾಮಾನು ಚೀಲಕ್ಕೆ ಹಾಕುವಾಗ ಅವರ ಪ್ಲೇಯರಿನ ಹಿಡಿ ಕಣ್ಣಿಗೆ ಬಿತ್ತು. ಎರಡು ಕಡೆ ಸೀಳಿತ್ತು, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ನಾನು ನೋಡಿದ್ದನ್ನು ಅವರೂ ನೋಡಿದರು.

“ಹೊಸದು ತಂದಿಟ್ಟಿದ್ದೀನಿ ಅಕ್ಕ” ಅಂದರು. “ಕೈಗೆ ಕೂರ್ತಾ ಇಲ್ಲ.”